ಹುಳು ಮದ್ದಿಗೆ ಒಗ್ಗಿಕೊಂಡಿತೇ? ಬಿಟಿ ನಿರೋಧಕತೆ ಸಂತತಿಯಿಂದ ಸಂತತಿಗೆ ಸಾಗುವ ಬಗೆ

ಕೋಲಾರ, ಚಿಕ್ಕಬಳ್ಳಾಪುರದ ಎಲೆಕೋಸಿನ ಹೊಲಗಳಲ್ಲಾಗಲಿ, ರಾಯಚೂರು, ಹಾವೇರಿಯ ಹತ್ತಿ ಹೊಲಗಳಲ್ಲಾಗಲಿ, ಹುಳುವಿನ ಮಾತು ಬಂದಾಗ ಕೇಳಿಬರುವ ದೂರು ಒಂದೇ: "ಹುಳ ಈಗ ಮದ್ದಿಗೆ ಜಗ್ಗುತ್ತಿಲ್ಲ, ಒಗ್ಗಿಬಿಟ್ಟಿದೆ." ಕಣ್ಣಿಗೆ ಕಂಡದ್ದರ ಮಟ್ಟಿಗೆ ಈ ಮಾತು ನಿಜ. ಬ್ಯಾಕ್ಟೀರಿಯಾ ಮೂಲದ ಬಿಟಿ ಎಂಬ ಜೈವಿಕ ಕೀಟನಾಶಕವನ್ನು ತಿಂದೊಡನೆ ಸೊರಗಿ ಸಾಯುತ್ತಿದ್ದ ಹುಳುಗಳು, ಕೆಲವು ವರ್ಷ ಕಳೆದ ಮೇಲೆ ಅದೇ ಮದ್ದು ಬಿದ್ದ ಎಲೆಯನ್ನು ಮೇದು, ಕೋಶ ಕಟ್ಟಿ, ಪತಂಗವಾಗಿ ಹಾರಿಹೋಗುವುದನ್ನು ಹಲವು ದೇಶಗಳ ರೈತರು ನೋಡಿದ್ದಾರೆ. ಆದರೆ "ಒಗ್ಗುವುದು" ಎಂಬ ಪದ ನಮ್ಮ ಯೋಚನೆಯನ್ನು ಬೇರೆ ದಾರಿಗೆ ಒಯ್ಯುತ್ತದೆ.

ಬಿಸಿಲಿಗೆ ಮೈ ಒಗ್ಗುತ್ತದೆ, ಖಾರಕ್ಕೆ ನಾಲಿಗೆ ಒಗ್ಗುತ್ತದೆ. ಅದು ಒಂದೇ ಜೀವದ ಆಯಸ್ಸಿನೊಳಗೆ, ದಿನದಿಂದ ದಿನಕ್ಕೆ ಆಗುವ ಬದಲಾವಣೆ. ಹೊಲದ ಹುಳುವಿನ ವಿಷಯದಲ್ಲಿ ನಡೆಯುವುದೇ ಬೇರೆ. ಮದ್ದು ತಿಂದ ಮರಿಹುಳು ಸಾಯುತ್ತದೆ, ಇಲ್ಲವೇ ಬದುಕುತ್ತದೆ. ಬದುಕಿದ ಹುಳು ಮದ್ದು ಬೀಳುವ ಮೊದಲೇ, ಮೊಟ್ಟೆಯಲ್ಲಿದ್ದಾಗಲೇ, ಬದುಕುವ ಗುಣವನ್ನು ತಂದೆತಾಯಿಗಳಿಂದ ಪಡೆದಿತ್ತು. ನಿರೋಧಕತೆ ಎಂದರೆ ಈ ಗುಣವೇ. ಮದ್ದು ಆ ಗುಣವನ್ನು ಹುಟ್ಟಿಸಲಿಲ್ಲ, ಅದಿಲ್ಲದ ಹುಳುಗಳನ್ನು ತೆಗೆದುಹಾಕಿತು. ಹೀಗೆ ನೋಡಿದರೆ ಕೇಳಬೇಕಾದ ಪ್ರಶ್ನೆಯೇ ಬದಲಾಗುತ್ತದೆ: ಬದುಕಿ ಉಳಿದ ಆ ಒಂದು ಪತಂಗ ಯಾರೊಡನೆ ಜೋಡಿಯಾಯಿತು? ಬಿಟಿ ಎಷ್ಟು ವರ್ಷ ಕೆಲಸ ಮಾಡುತ್ತದೆ ಎಂಬುದು ಬಹುಮಟ್ಟಿಗೆ ಈ ಪ್ರಶ್ನೆಯ ಉತ್ತರವನ್ನೇ ಅವಲಂಬಿಸಿದೆ. ಅದನ್ನು ಅರಿಯಲು ಮೊದಲು ಬಿಟಿ ಏನು, ಅದು ಹುಳುವನ್ನು ಹೇಗೆ ಕೊಲ್ಲುತ್ತದೆ ಎಂಬುದನ್ನು ನೋಡಬೇಕು.

ಬಿಟಿ ಎಂದರೆ ಏನು?

ಬಿಟಿ ಎಂಬುದು ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಬ್ಯಾಕ್ಟೀರಿಯಾದ ಹ್ರಸ್ವರೂಪ. ಮಣ್ಣಿನಲ್ಲಿ, ಎಲೆಗಳ ಮೇಲೆ, ಸತ್ತ ಹುಳುಗಳ ದೇಹದಲ್ಲಿ ಇದು ಸಹಜವಾಗಿಯೇ ಸಿಗುತ್ತದೆ. 1901ರಲ್ಲಿ ಜಪಾನಿನ ಇಶಿವಾತಾ ಶಿಗೆತಾನೆ ಎಂಬ ವಿಜ್ಞಾನಿ ಇದನ್ನು ಮೊದಲು ಗುರುತಿಸಿದ್ದು ರೇಷ್ಮೆ ಹುಳುಗಳನ್ನು ಇದ್ದಕ್ಕಿದ್ದಂತೆ ಸಾಯಿಸುತ್ತಿದ್ದ ಒಂದು ರೋಗದ ಕಾರಣವಾಗಿ. ಹತ್ತು ವರ್ಷಗಳ ಅನಂತರ, 1911ರಲ್ಲಿ, ಜರ್ಮನಿಯ ಅರ್ನ್ಸ್ಟ್ ಬರ್ಲೈನರ್ ಇದನ್ನೇ ಹಿಟ್ಟಿನ ಪತಂಗದ ಮರಿಹುಳುಗಳಲ್ಲಿ ಕಂಡರು. ಆ ಹುಳುಗಳು ಬಂದದ್ದು ತುರಿಂಜಿಯಾ ಪ್ರಾಂತದಿಂದ, ಹೆಸರೂ ಅಲ್ಲಿಂದಲೇ ಬಂತು. 1938ರಲ್ಲಿ ಫ್ರಾನ್ಸಿನಲ್ಲಿ ಇದು ಕೀಟನಾಶಕವಾಗಿ ಮಾರುಕಟ್ಟೆಗೆ ಬಂತು. ರೇಷ್ಮೆಯ ಊರುಗಳಿಗೆ ಈ ಚರಿತ್ರೆಯಲ್ಲಿ ಒಂದು ಎಚ್ಚರಿಕೆಯೂ ಇದೆ: ಪತಂಗದ ಜಾತಿಯ ಮರಿಹುಳುಗಳನ್ನು ಕೊಲ್ಲುವ ಬಿಟಿ ರೇಷ್ಮೆ ಹುಳುವನ್ನೂ ಕೊಲ್ಲುತ್ತದೆ, ಆದ್ದರಿಂದ ಹಿಪ್ಪುನೇರಳೆ ತೋಟದ ಮಗ್ಗುಲಲ್ಲಿ ಕೋಸಿಗೆ ಬಿಟಿ ಸಿಂಪಡಿಸುವುದು ಅಪಾಯ.

ಆಹಾರ ಮುಗಿದು ಕಷ್ಟಕಾಲ ಬಂದಾಗ ಈ ಬ್ಯಾಕ್ಟೀರಿಯಾ ತನ್ನನ್ನು ಗಟ್ಟಿ ಕವಚದೊಳಗೆ ಮುಚ್ಚಿಕೊಳ್ಳುತ್ತದೆ. ಅದೇ ಹೊತ್ತಿನಲ್ಲಿ ತನ್ನ ಪಕ್ಕದಲ್ಲೇ ಸಕ್ಕರೆಯ ಹರಳಿನಂಥ ಒಂದು ಪ್ರೋಟೀನ್ ಹರಳನ್ನೂ ಕಟ್ಟುತ್ತದೆ. ಹುಳುವನ್ನು ಕೊಲ್ಲುವುದು ಈ ಹರಳು. ಇದರ ಪ್ರೋಟೀನುಗಳಿಗೆ ಕ್ರೈ ಎಂದು ಹೆಸರು. ಇವುಗಳಲ್ಲಿ ಬಗೆಗಳು ನೂರಾರು ಇರುವುದರಿಂದ ಕ್ರೈ 1ಎಸಿ, ಕ್ರೈ 1ಸಿ, ಕ್ರೈ 2ಎಬಿ ಎಂದು ಸಂಖ್ಯೆ, ಅಕ್ಷರ ಸೇರಿಸಿ ಗುರುತಿಸುತ್ತಾರೆ.

ರೈತನ ಹೊಲಕ್ಕೆ ಈ ಪ್ರೋಟೀನ್ ಎರಡು ದಾರಿಗಳಿಂದ ಬರುತ್ತದೆ. ಮೊದಲನೆಯದು, ಹರಳು ಮತ್ತು ಬ್ಯಾಕ್ಟೀರಿಯಾ ಎರಡೂ ಇರುವ ಪುಡಿಯನ್ನೋ ದ್ರವವನ್ನೋ ನೀರಿಗೆ ಬೆರೆಸಿ ಸಿಂಪಡಿಸುವುದು. ಎರಡನೆಯದು, ಆ ಪ್ರೋಟೀನನ್ನು ಮಾಡುವ ವಂಶವಾಹಿಯನ್ನೇ ಬೆಳೆಯೊಳಗೆ ಸೇರಿಸುವುದು. ಬಿಟಿ ಹತ್ತಿ ಇಂಥದ್ದು. ದಾರಿ ಯಾವುದಾದರೂ ಹುಳುವಿನ ಹೊಟ್ಟೆ ಸೇರುವ ವಿಷ ಒಂದೇ ಬಗೆಯದು, ಹುಳುವಿನಲ್ಲಿ ನಿರೋಧಕತೆ ಸಾಗುವ ನಿಯಮವೂ ಒಂದೇ.

ಹುಳುವಿನ ಕರುಳಿನಲ್ಲಿ

ಬಿಟಿ ಮೈಗೆ ತಗುಲಿದರೆ ಹುಳುವಿಗೆ ಏನೂ ಆಗದು, ಅದನ್ನು ತಿನ್ನಬೇಕು. ಮರಿಹುಳುವಿನ ಕರುಳಿನ ರಸ ನಮ್ಮ ಜಠರದ ರಸದಂತೆ ಹುಳಿಯಾಗಿರದೆ ಸೋಪಿನ ನೀರಿನಂತೆ ಕ್ಷಾರವಾಗಿರುತ್ತದೆ. ಆ ಕ್ಷಾರದಲ್ಲಿ ಹರಳು ಕರಗುತ್ತದೆ. ಕರಗಿದ ಉದ್ದ ಪ್ರೋಟೀನನ್ನು ಹುಳುವಿನದೇ ಜೀರ್ಣರಸಗಳು ಕತ್ತರಿಸಿ ಗಿಡ್ಡಮಾಡುತ್ತವೆ, ಆಗ ಅದು ಚುರುಕಾದ ವಿಷವಾಗುತ್ತದೆ. ಆದರೆ ಇಷ್ಟರಿಂದಲೇ ಹುಳು ಸಾಯುವುದಿಲ್ಲ. ಈ ವಿಷ ಕರುಳಿನ ಗೋಡೆಯ ಜೀವಕೋಶಗಳನ್ನು ಹಿಡಿದುಕೊಳ್ಳಬೇಕು, ಹಿಡಿದುಕೊಳ್ಳಲು ಅಲ್ಲಿ ತಕ್ಕ ಕೊಕ್ಕೆಗಳು ಇರಬೇಕು. ಆ ಕೊಕ್ಕೆಗಳು ಹುಳು ತನ್ನದೇ ಬೇರೆ ಕೆಲಸಗಳಿಗೆಂದು ಮಾಡಿಕೊಂಡ ಪ್ರೋಟೀನುಗಳು. ಕ್ಯಾಡ್ಹೆರಿನ್ ಎಂಬುದು ಒಂದು, ಎಬಿಸಿಸಿ2 ಎಂಬುದು ಇನ್ನೊಂದು. ಕೊಕ್ಕೆಗೆ ಸಿಕ್ಕಿದ ವಿಷದ ಅಣುಗಳು ಗುಂಪುಗೂಡಿ ಜೀವಕೋಶದ ಪೊರೆಯಲ್ಲಿ ರಂಧ್ರ ಕೊರೆಯುತ್ತವೆ, ಜೀವಕೋಶ ಊದಿ ಒಡೆಯುತ್ತದೆ, ಹುಳು ಮೇಯುವುದನ್ನು ನಿಲ್ಲಿಸಿ ಎರಡು ಮೂರು ದಿನಗಳಲ್ಲಿ ಸಾಯುತ್ತದೆ. ನಮ್ಮ ಜಠರದಲ್ಲಿ ಕ್ಷಾರವೂ ಇಲ್ಲ, ನಮ್ಮ ಕರುಳಿನಲ್ಲಿ ಆ ಕೊಕ್ಕೆಗಳೂ ಇಲ್ಲ. ಬಿಟಿ ಮನುಷ್ಯರಿಗೂ ದನಕರುಗಳಿಗೂ ಹಾನಿ ಮಾಡದಿರುವುದಕ್ಕೆ ಕಾರಣ ಇದು.

ಕರಗುವುದು, ಕತ್ತರಿಸಿಕೊಳ್ಳುವುದು, ಕೊಕ್ಕೆಗೆ ಸಿಕ್ಕುವುದು, ರಂಧ್ರ ಕೊರೆಯುವುದು: ಈ ಸರಪಳಿಯ ಯಾವ ಕೊಂಡಿ ಕಳಚಿದರೂ ಹುಳು ಬದುಕಬಹುದು. ಆದರೆ ಹೊಲದಲ್ಲಿ ಕಂಡುಬಂದ ತೀವ್ರ ನಿರೋಧಕತೆಯಲ್ಲಿ ಹೆಚ್ಚಾಗಿ ಕಳಚಿರುವುದು ಕೊಕ್ಕೆಯ ಕೊಂಡಿಯೇ. ಕೊಕ್ಕೆ ಇಲ್ಲ, ಅಥವಾ ಅದರ ಆಕಾರ ಕೆಟ್ಟಿದೆ, ಆದ್ದರಿಂದ ವಿಷ ಹಿಡಿತ ಸಿಗದೆ ಹಿಕ್ಕೆಯೊಡನೆ ಹೊರಟುಹೋಗುತ್ತದೆ.

ಎರಡು ಅಚ್ಚುಗಳು

ಕೊಕ್ಕೆ ಮಾಡುವ ಸೂಚನೆ ಇರುವುದು ವಂಶವಾಹಿಯಲ್ಲಿ. ಬೆಲ್ಲದ ಆಲೆಮನೆಯಲ್ಲಿ ಪಾಕ ಸುರಿಯುವ ಅಚ್ಚನ್ನು ನೆನೆಸಿಕೊಳ್ಳಿ. ಅಚ್ಚು ಸರಿಯಾಗಿದ್ದರೆ ಅಚ್ಚುಬೆಲ್ಲವೂ ಸರಿ, ಅಚ್ಚು ಒಡೆದಿದ್ದರೆ ಬೆಲ್ಲ ಆಕಾರವಿಲ್ಲದೆ ಹರಿದುಹೋಗುತ್ತದೆ. ವಂಶವಾಹಿಯೂ ಒಂದು ಅಚ್ಚು, ಕೊಕ್ಕೆ ಅದರಿಂದ ಎರಕಗೊಂಡು ಬರುವ ವಸ್ತು. ಪ್ರತಿ ಹುಳುವಿನಲ್ಲೂ ಇಂಥ ಅಚ್ಚುಗಳು ಎರಡೆರಡು, ಒಂದು ತಾಯಿಯಿಂದ ಬಂದದ್ದು, ಇನ್ನೊಂದು ತಂದೆಯಿಂದ ಬಂದದ್ದು. ತನ್ನ ಮರಿಗೆ ಹುಳು ಆ ಎರಡರಲ್ಲಿ ಒಂದನ್ನು ಮಾತ್ರ ದಾಟಿಸುತ್ತದೆ. ಯಾವುದು ದಾಟುತ್ತದೆ ಎಂಬುದು ನಾಣ್ಯ ಚಿಮ್ಮಿದಂತೆ.

ಇದರಿಂದ ಮೂರು ಬಗೆಯ ಹುಳುಗಳು ಹುಟ್ಟುತ್ತವೆ. ಎರಡು ಅಚ್ಚುಗಳೂ ಸರಿಯಿರುವ ಹುಳುವಿನ ಕರುಳಿನಲ್ಲಿ ಕೊಕ್ಕೆಗಳು ತುಂಬಿರುತ್ತವೆ, ಅದು ಸಾಯುತ್ತದೆ. ಎರಡೂ ಒಡೆದಿರುವ ಹುಳುವಿನಲ್ಲಿ ಕೊಕ್ಕೆಯೇ ಇಲ್ಲ, ಅದು ಬದುಕುತ್ತದೆ. ಒಂದು ಸರಿ, ಒಂದು ಒಡಕು ಇರುವ ಹುಳುವನ್ನು ಮಿಶ್ರ ಹುಳು ಎಂದು ಕರೆಯೋಣ. ಅದರಲ್ಲಿ ಸರಿಯಿರುವ ಆ ಒಂದೇ ಅಚ್ಚಿನಿಂದ ಕೊಕ್ಕೆಗಳು ಎರಕಗೊಳ್ಳುತ್ತಲೇ ಇರುತ್ತವೆ. ವಿಷಕ್ಕೆ ಹಿಡಿದುಕೊಳ್ಳಲು ಅಷ್ಟು ಸಾಕು, ಆದ್ದರಿಂದ ಮಿಶ್ರ ಹುಳುವೂ ಸಾಯುತ್ತದೆ. ಹೀಗೆ ಎರಡೂ ಕಡೆಯಿಂದ ಬಂದರೆ ಮಾತ್ರ ಹೊರಗೆ ಕಾಣಿಸುವ ಗುಣವನ್ನು ದುರ್ಬಲ ಗುಣ ಎಂದೂ, ಒಂದು ಕಡೆಯಿಂದ ಬಂದರೂ ಕಾಣಿಸುವುದನ್ನು ಪ್ರಬಲ ಗುಣ ಎಂದೂ ಶಾಲೆಯ ಪುಸ್ತಕಗಳು ಕರೆಯುತ್ತವೆ. ಇಲ್ಲಿ ದುರ್ಬಲ ಎಂದರೆ ಬಲವಿಲ್ಲದ್ದು ಎಂದು ಅರ್ಥವಲ್ಲ, ಜೊತೆಯಲ್ಲಿ ಸರಿ ಅಚ್ಚು ಇದ್ದರೆ ಅಡಗಿ ಕೂರುವಂಥದ್ದು ಎಂದಷ್ಟೇ. ಎರಡು ಒಡಕು ಅಚ್ಚುಗಳು ಒಂದೆಡೆ ಸೇರಿದಾಗ ಆ ದುರ್ಬಲ ಗುಣ ಹುಳುವಿಗೆ ನೂರಾರು ಪಟ್ಟು ವಿಷವನ್ನು ತಾಳುವ ಶಕ್ತಿಯನ್ನು ಕೊಡಬಲ್ಲುದು.

ಅಡಗಿ ಕೂರುವುದು ಎಂಬ ಮಾತು ಇಲ್ಲಿ ಮುಖ್ಯ. ಮಿಶ್ರ ಹುಳುವನ್ನು ನೋಡಿ ಅದರೊಳಗೆ ಒಡಕು ಅಚ್ಚಿದೆ ಎಂದು ಯಾರೂ ಹೇಳಲಾರರು. ಬಿಟಿಯನ್ನು ಎಂದೂ ಕಾಣದ ಹೊಲದಲ್ಲೂ ಅದು ತಲೆಮಾರುಗಳಿಂದ ಸಾಗಿಬರುತ್ತಿರಬಹುದು.

ಕೋಸಿನ ಎಲೆಯ ಬಿಲ್ಲೆಗಳು ಹೇಳಿದ್ದು

ಇದನ್ನೆಲ್ಲ ಕಂಡುಕೊಂಡದ್ದರಲ್ಲಿ ದೊಡ್ಡ ಪಾಲು ಒಂದು ಪುಟ್ಟ ಪತಂಗಕ್ಕೆ ಸಲ್ಲುತ್ತದೆ. ಕೋಸು, ಹೂಕೋಸು, ಸಾಸಿವೆಯನ್ನು ಮೇಯುವ ವಜ್ರಬೆನ್ನಿನ ಪತಂಗ ಅದು. ರೆಕ್ಕೆ ಮಡಚಿ ಕೂತಾಗ ಬೆನ್ನ ಮೇಲೆ ವಜ್ರದ ಆಕಾರದ ಮಾಸಲು ಗುರುತುಗಳು ಸಾಲಾಗಿ ಕಾಣುವುದರಿಂದ ಆ ಹೆಸರು. ಇದರ ಮರಿಹುಳು ಬೆರಳಿನ ಉಗುರಿಗಿಂತ ಉದ್ದ ಬೆಳೆಯುವುದಿಲ್ಲ. ಎಲೆಯ ತಳದಿಂದ ಹಸಿರನ್ನು ಕೆರೆದು ತಿಂದು ಮೇಲಿನ ತೆಳು ಪೊರೆಯನ್ನು ಹಾಗೇ ಬಿಡುವುದರಿಂದ ಎಲೆಯಲ್ಲಿ ಗಾಜು ಕೂರಿಸಿದ ಕಿಟಕಿಗಳಂತೆ ಪಾರದರ್ಶಕ ಮಚ್ಚೆಗಳು ಮೂಡುತ್ತವೆ. ಮುಟ್ಟಿದರೆ ಹಿಂದಕ್ಕೆ ವಿಲವಿಲನೆ ಹೊರಳಿ, ನೂಲು ಬಿಟ್ಟು ಎಲೆಯಿಂದ ಕೆಳಗೆ ಜೋತುಬೀಳುತ್ತದೆ. ಬೆಚ್ಚನೆಯ ಹವೆಯಲ್ಲಿ ಎರಡು ಮೂರು ವಾರಗಳಿಗೊಂದು ತಲೆಮಾರು ಮುಗಿಯುವುದರಿಂದ ವರ್ಷಕ್ಕೆ ಹದಿನೈದಿಪ್ಪತ್ತು ತಲೆಮಾರುಗಳು ಉರುಳುತ್ತವೆ. ಬೆಳೆಯ ಕೀಟಗಳಲ್ಲಿ ಡಿಡಿಟಿಗೆ ಮೊದಲು ನಿರೋಧಕತೆ ತೋರಿಸಿದ್ದೂ ಇದೇ, 1953ರಲ್ಲಿ, ಜಾವಾ ದ್ವೀಪದಲ್ಲಿ.

ಬಿಟಿ ಸಿಂಪಡಣೆಯ ವಿಷಯದಲ್ಲೂ ಹೊಲದಲ್ಲಿ ನಿರೋಧಕತೆ ಬೆಳೆಸಿಕೊಂಡ ಮೊದಲ ಕೀಟ ಇದೇ ಎಂಬುದನ್ನು ಕೀಟವಿಜ್ಞಾನಿ ಬ್ರೂಸ್ ಟಬಾಶ್ನಿಕ್ ಮತ್ತು ಸಂಗಡಿಗರು 1990ರಲ್ಲಿ ಹವಾಯಿ ದ್ವೀಪಗಳಿಂದ ವರದಿ ಮಾಡಿದರು. ಬಿಟಿಯನ್ನು ಮತ್ತೆ ಮತ್ತೆ ಸಿಂಪಡಿಸಿದ ಹೊಲಗಳಿಂದ ತಂದ ಹುಳುಗಳಲ್ಲಿ ಅರ್ಧದಷ್ಟನ್ನು ಕೊಲ್ಲಲು ಸಾಮಾನ್ಯ ಹುಳುಗಳಿಗೆ ಬೇಕಾದುದರ ಇಪ್ಪತ್ತೈದು ಪಟ್ಟಿಗೂ ಹೆಚ್ಚು ಮದ್ದು ಬೇಕಾಯಿತು.

ಇಂಥ ಹುಳುವಿನ ಗುಣ ಸಂತತಿಗೆ ಹೇಗೆ ಸಾಗುತ್ತದೆ ಎಂಬುದನ್ನು ಪರೀಕ್ಷಿಸುವ ವಿಧಾನ ಸರಳವಾದದ್ದು, ಆದರೆ ಬಹಳ ತಾಳ್ಮೆ ಬೇಡುತ್ತದೆ. ಕೋಸಿನ ಎಲೆಯನ್ನು ದುಂಡನೆಯ ಬಿಲ್ಲೆಗಳಾಗಿ ಕತ್ತರಿಸಿ, ಬಿಟಿ ಬೆರೆಸಿದ ನೀರಿನಲ್ಲಿ ಅದ್ದಿ, ನೆರಳಿನಲ್ಲಿ ಆರಿಸಿ, ಒಂದೊಂದರ ಮೇಲೆ ಎಣಿಸಿದ ಮರಿಹುಳುಗಳನ್ನು ಬಿಡುತ್ತಾರೆ. ಕೆಲವು ದಿನ ಕಳೆದ ಮೇಲೆ ಮೃದುವಾದ ಕುಂಚದ ತುದಿಯಿಂದ ಒಂದೊಂದನ್ನೇ ಮುಟ್ಟಿ ನೋಡುತ್ತಾರೆ. ವಿಲವಿಲನೆ ಹೊರಳಿದರೆ ಬದುಕಿದೆ, ಅಲುಗದೆ ಇದ್ದರೆ ಸತ್ತಿದೆ. ಇಷ್ಟೇ ಪರೀಕ್ಷೆ. ಬುದ್ಧಿವಂತಿಕೆ ಇರುವುದು ಯಾವ ಹುಳುವನ್ನು ಯಾವುದರೊಡನೆ ಕೂಡಿಸುತ್ತಾರೆ ಎಂಬುದರಲ್ಲಿ.

ಮೊದಲು ನಿರೋಧಕ ಗಂಡನ್ನು ಸಾಮಾನ್ಯ ಹೆಣ್ಣಿನೊಡನೆಯೂ, ನಿರೋಧಕ ಹೆಣ್ಣನ್ನು ಸಾಮಾನ್ಯ ಗಂಡಿನೊಡನೆಯೂ ಬೇರೆ ಬೇರೆಯಾಗಿ ಕೂಡಿಸುತ್ತಾರೆ. ಎರಡು ಬಗೆಯಲ್ಲೂ ಮಾಡಲು ಕಾರಣವಿದೆ. ವಂಶವಾಹಿಗಳನ್ನು ಹೊತ್ತ ಎಳೆಗಳು ವರ್ಣತಂತುಗಳು, ಗಂಡೋ ಹೆಣ್ಣೋ ಎಂಬುದನ್ನು ತೀರ್ಮಾನಿಸುವವು ಲಿಂಗ ವರ್ಣತಂತುಗಳು. ಮನುಷ್ಯರಲ್ಲಿ ಗಂಡಿಗೆ ಬೇರೆಬೇರೆಯಾದ ಎರಡು ಲಿಂಗ ವರ್ಣತಂತುಗಳಿದ್ದರೆ, ಪತಂಗಗಳಲ್ಲಿ ತಿರುಗುಮುರುಗು, ಹೆಣ್ಣಿನಲ್ಲಿ ಅವು ಬೇರೆಬೇರೆ. ನಿರೋಧಕತೆಯ ವಂಶವಾಹಿ ಲಿಂಗ ವರ್ಣತಂತುವಿನ ಮೇಲಿದ್ದರೆ, ಅಥವಾ ತಾಯಿಯ ಮೊಟ್ಟೆಯ ಮೂಲಕ ಮಾತ್ರ ಬರುವಂಥದ್ದಾದರೆ, ಎರಡು ಬಗೆಯ ಜೋಡಿಗಳ ಮಕ್ಕಳು ಬೇರೆಬೇರೆ ಫಲ ತೋರಿಸುತ್ತವೆ. ಫಲ ಒಂದೇ ಆಗಿದ್ದರೆ ಗುಣವು ಇತರ ಸಾಧಾರಣ ವರ್ಣತಂತುವಿನ ಮೇಲಿದೆ, ತಂದೆತಾಯಿಗಳಿಬ್ಬರಿಂದಲೂ ಸಮನಾಗಿ ಬರುತ್ತದೆ ಎಂದರ್ಥ.

ಈ ಮಕ್ಕಳೆಲ್ಲ ಮಿಶ್ರ ಹುಳುಗಳೇ. ಅವನ್ನು ಮದ್ದಿನ ಬಿಲ್ಲೆಯ ಮೇಲೆ ಬಿಟ್ಟಾಗ ಹೆಚ್ಚುಕಡಿಮೆ ಎಲ್ಲವೂ ಸತ್ತರೆ ನಿರೋಧಕತೆ ದುರ್ಬಲ ಗುಣ, ಎಲ್ಲವೂ ಬದುಕಿದರೆ ಪ್ರಬಲ ಗುಣ. ಮುಂದಿನ ಹೆಜ್ಜೆಯಲ್ಲಿ ಮಿಶ್ರ ಹುಳುವನ್ನು ಮತ್ತೆ ನಿರೋಧಕ ಹುಳುವಿನೊಡನೆ ಕೂಡಿಸುತ್ತಾರೆ. ಕಾರಣ ಒಂದೇ ವಂಶವಾಹಿಯಾಗಿದ್ದರೆ ಮೊಮ್ಮಕ್ಕಳಲ್ಲಿ ಅರ್ಧಕ್ಕೆ ಎರಡೂ ಒಡಕು ಅಚ್ಚುಗಳು, ಇನ್ನರ್ಧಕ್ಕೆ ಒಂದೇ ಒಡಕು ಅಚ್ಚು ಬರಬೇಕು. ನೂರು ಹುಳುಗಳಲ್ಲಿ ಐವತ್ತರ ಆಸುಪಾಸು ಬದುಕಿ ಐವತ್ತರ ಆಸುಪಾಸು ಸಾಯಬೇಕು. ಮಿಶ್ರ ಹುಳುಗಳನ್ನೇ ಪರಸ್ಪರ ಕೂಡಿಸಿದರೆ ನಾಲ್ಕರಲ್ಲಿ ಒಂದು ಬದುಕಬೇಕು. ಗ್ರೆಗರ್ ಮೆಂಡೆಲ್ ಬಟಾಣಿ ಗಿಡಗಳನ್ನು ಎಣಿಸಿ 1866ರಲ್ಲಿ ಪ್ರಕಟಿಸಿದ ಲೆಕ್ಕವೇ ಇದು. ಎಣಿಕೆ ಈ ಅನುಪಾತಗಳಿಂದ ಬಹಳ ದೂರ ಸರಿದರೆ ಹಲವು ವಂಶವಾಹಿಗಳು ಸೇರಿ ಕೆಲಸ ಮಾಡುತ್ತಿವೆ ಎಂದು ಊಹಿಸಬೇಕಾಗುತ್ತದೆ.

ಹವಾಯಿಯ ಮೂಲದ ಒಂದು ಸಂತತಿಯನ್ನು ಹೀಗೆ ಪರೀಕ್ಷಿಸಿದಾಗ ಸಿಕ್ಕ ಫಲವನ್ನು ಟಬಾಶ್ನಿಕ್ ತಂಡ 1997ರಲ್ಲಿ ಪ್ರಕಟಿಸಿತು. ಅದರಲ್ಲಿ ಎರಡು ಸಂಗತಿಗಳು ಕಳವಳಕ್ಕೆ ಕಾರಣವಾದವು. ಒಂದೇ ಒಂದು ದುರ್ಬಲ ವಂಶವಾಹಿ ನಾಲ್ಕು ಬಗೆಯ ಕ್ರೈ ಪ್ರೋಟೀನುಗಳಿಗೆ ಒಟ್ಟಿಗೆ ನಿರೋಧಕತೆ ಕೊಡುತ್ತಿತ್ತು, ಏಕೆಂದರೆ ಆ ನಾಲ್ಕೂ ಒಂದೇ ಕೊಕ್ಕೆಯನ್ನು ಹಿಡಿಯುವಂಥವು ಎಂದು ತೋರುತ್ತಿತ್ತು. ಎರಡನೆಯದು, ಮದ್ದಿಗೆ ಸಾಯುವ ಸಾಮಾನ್ಯ ಸಂತತಿ ಎಂದು ಹೋಲಿಕೆಗಾಗಿ ಇಟ್ಟುಕೊಂಡಿದ್ದ ಹುಳುಗಳಲ್ಲೇ ನೂರಕ್ಕೆ 21 ಹುಳುಗಳು ಮಿಶ್ರವಾಗಿದ್ದವು. ಒಡಕು ಅಚ್ಚು ಅಲ್ಲಿ ಯಾರ ಕಣ್ಣಿಗೂ ಬೀಳದೆ ಅಡಗಿತ್ತು.

ಆ ಒಡಕು ಇರುವುದು ಎಲ್ಲಿ ಎಂಬುದು ತಿಳಿಯಲು ಇನ್ನೂ ಹದಿನಾಲ್ಕು ವರ್ಷ ಬೇಕಾಯಿತು. ಹವಾಯಿಯ ಹುಳುಗಳಲ್ಲಿ ಇಂಥ ನಿರೋಧಕತೆಯ ಮೂಲ ಎಬಿಸಿಸಿ2 ವಂಶವಾಹಿಯ ಜಾಗದಲ್ಲಿದೆ ಎಂಬುದು 2011ರಲ್ಲಿ ಪ್ರಕಟವಾಯಿತು. ಅಷ್ಟರಲ್ಲಿ ಹತ್ತಿ ಮತ್ತು ತಂಬಾಕು ಮೇಯುವ ಇನ್ನೊಂದು ಪತಂಗದಲ್ಲಿ 2001ರಲ್ಲಿ ಕ್ಯಾಡ್ಹೆರಿನ್ ವಂಶವಾಹಿಯ ಒಡಕನ್ನು ಕಂಡುಹಿಡಿಯಲಾಗಿತ್ತು. ಅಲ್ಲಿ ವಂಶವಾಹಿಯ ನಡುವೆ ಬೇರೆಲ್ಲಿಂದಲೋ ಜಿಗಿದು ಬಂದ ಡಿಎನ್‌ಎ ತುಣುಕೊಂದು ಸೇರಿಕೊಂಡು ಅಚ್ಚನ್ನು ಎರಡು ಹೋಳು ಮಾಡಿತ್ತು.

ಹತ್ತು ಲಕ್ಷ ಹುಳುಗಳ ಲೆಕ್ಕ

ಈಗ ಒಂದು ಊಹೆಯ ಲೆಕ್ಕ ಮಾಡೋಣ. ಒಂದು ಸೀಮೆಯ ಹೊಲಗಳಲ್ಲಿ ಹತ್ತು ಲಕ್ಷ ಹುಳುಗಳಿವೆ, ಅವುಗಳಲ್ಲಿರುವ ಅಚ್ಚುಗಳ ಪೈಕಿ ಸಾವಿರಕ್ಕೆ ಒಂದು ಒಡಕು ಎಂದಿಟ್ಟುಕೊಳ್ಳಿ. ಎರಡು ಒಡಕು ಅಚ್ಚುಗಳು ಒಂದೇ ಹುಳುವಿನಲ್ಲಿ ಕೂಡಬೇಕಾದರೆ ಸಾವಿರಕ್ಕೊಂದು ಅವಕಾಶ ಎರಡು ಸಲ ಒಟ್ಟಿಗೆ ಬರಬೇಕು, ಅಂದರೆ ಹತ್ತು ಲಕ್ಷಕ್ಕೆ ಒಂದು. ಆದ್ದರಿಂದ ಆ ಸೀಮೆಯಲ್ಲಿ ನಿಜವಾಗಿ ನಿರೋಧಕವಾದ ಹುಳು ಒಂದೇ ಒಂದು. ಆದರೆ ಮಿಶ್ರ ಹುಳುಗಳು 1,998. ಉಳಿದ 9,98,001 ಹುಳುಗಳು ಸಾಮಾನ್ಯವಾದವು. ಈ ಮೂರು ಸಂಖ್ಯೆಗಳಲ್ಲಿ ಗಮನ ಸೆಳೆಯಬೇಕಾದದ್ದು ನಡುವಿನದು. ಒಡಕು ಅಚ್ಚುಗಳೆಲ್ಲ, ಎರಡನ್ನು ಬಿಟ್ಟು, ಮಿಶ್ರ ಹುಳುಗಳ ಒಳಗಿವೆ. ಅವು ಬದುಕುತ್ತವೆಯೋ ಸಾಯುತ್ತವೆಯೋ ಎಂಬುದೇ ಮುಂದಿನ ಕಥೆ.

ಮೊದಲ ಸಂದರ್ಭ. ಎಲ್ಲ ಎಲೆಗಳ ಮೇಲೂ ಮದ್ದು ಚೆನ್ನಾಗಿ ಬಿದ್ದು ಮಿಶ್ರ ಹುಳುಗಳೂ ಸಾಮಾನ್ಯ ಹುಳುಗಳೂ ಪೂರ್ತಿ ಸತ್ತವು, ಆ ಒಂದು ನಿರೋಧಕ ಹುಳು ಮಾತ್ರ ಉಳಿಯಿತು. ಮಗ್ಗುಲಲ್ಲೇ ಮದ್ದು ಬೀಳದ ಒಂದಿಷ್ಟು ಬೆಳೆಯಿದ್ದು, ಅಲ್ಲಿಂದ ಐವತ್ತು ಸಾವಿರ ಪತಂಗಗಳು ಹಾರಿಬಂದವು ಎಂದುಕೊಳ್ಳಿ. ನಿರೋಧಕ ಪತಂಗಕ್ಕೆ ಸಿಗುವ ಜೋಡಿ ಖಂಡಿತವಾಗಿ ಎನ್ನುವಷ್ಟರ ಮಟ್ಟಿಗೆ ಸಾಮಾನ್ಯ ಪತಂಗವೇ. ಅವುಗಳ ಮಕ್ಕಳೆಲ್ಲ ಮಿಶ್ರ, ಮುಂದಿನ ಸಲ ಮದ್ದು ಬಿದ್ದಾಗ ಸಾಯುವಂಥವು. ಒಡಕು ಅಚ್ಚಿನ ಪ್ರಮಾಣ ಸಾವಿರಕ್ಕೆ 1 ಇದ್ದದ್ದು ಸಾವಿರಕ್ಕೆ 1.02 ಆಗುತ್ತದೆ, ಅಂದರೆ ಇದ್ದಲ್ಲೇ ಇರುತ್ತದೆ ಎನ್ನಬಹುದು.

ಎರಡನೆಯ ಸಂದರ್ಭ. ಮದ್ದು ಅರೆಬರೆ ಬಿದ್ದದ್ದರಿಂದ ಸಾಮಾನ್ಯ ಹುಳುಗಳೆಲ್ಲ ಸತ್ತರೂ ಮಿಶ್ರ ಹುಳುಗಳಲ್ಲಿ ಅರ್ಧದಷ್ಟು, ಅಂದರೆ 999, ಬದುಕಿದವು. ಅಕ್ಕಪಕ್ಕದಲ್ಲಿ ಮದ್ದಿಲ್ಲದ ಬೆಳೆ ಒಂದು ಸಾಲೂ ಇಲ್ಲ. ಉಳಿದ ಸಾವಿರ ಹುಳುಗಳು ತಮ್ಮತಮ್ಮೊಳಗೇ ಜೋಡಿಯಾಗಬೇಕು. ಆ ಗುಂಪಿನ 2,000 ಅಚ್ಚುಗಳಲ್ಲಿ 1,001 ಒಡಕು. ಸಾವಿರಕ್ಕೆ ಒಂದು ಇದ್ದದ್ದು ಒಂದೇ ತಲೆಮಾರಿನಲ್ಲಿ ಎರಡಕ್ಕೆ ಒಂದಾಯಿತು, ಮುಂದಿನ ಪೀಳಿಗೆಯಲ್ಲಿ ನಾಲ್ಕು ಹುಳುಗಳಲ್ಲಿ ಒಂದು ಪೂರ್ಣ ನಿರೋಧಕವಾಗಿ ಹುಟ್ಟುತ್ತದೆ. ಅದೇ ಅರೆಬರೆ ಮದ್ದಿನ ಜೊತೆಗೆ ಆ ಐವತ್ತು ಸಾವಿರ ಪತಂಗಗಳ ಆಸರೆಯೂ ಇದ್ದಿದ್ದರೆ ಏರಿಕೆ ಸುಮಾರು ಹನ್ನೊಂದು ಪಟ್ಟಿಗೆ ನಿಲ್ಲುತ್ತಿತ್ತು.

ಹೊಲದಲ್ಲಿ ಲೆಕ್ಕ ಇಷ್ಟು ನೇರವಾಗಿರುವುದಿಲ್ಲ, ಸಾಮಾನ್ಯ ಹುಳುಗಳೂ ಅಲ್ಲೊಂದು ಇಲ್ಲೊಂದು ತಪ್ಪಿಸಿಕೊಳ್ಳುತ್ತವೆ. ಆದರೂ ಬಿಟಿ ಬೆಳೆಗಳ ಸುತ್ತ ಬಿಟಿಯಲ್ಲದ ಸಾಲುಗಳನ್ನು ಬೆಳೆಯಬೇಕೆಂಬ ನಿಯಮದ ಹಿಂದಿರುವುದು ಇದೇ ಗಣಿತ. ಇಂಥ ಸಾಲುಗಳಿಗೆ ಆಶ್ರಯ ಬೆಳೆ ಎಂದು ಹೆಸರು. ಹುಳುಗಳನ್ನು ಸಾಕುವ ಬೆಳೆ ಎಂದು ಅದನ್ನು ಕಂಡು ರೈತರಿಗೆ ಕಸಿವಿಸಿಯಾಗುವುದು ಸಹಜ. ಆ ಸಾಲುಗಳ ಕೆಲಸ ಸರಿ ಅಚ್ಚುಗಳನ್ನು ಜೀವಂತ ಉಳಿಸಿಕೊಳ್ಳುವುದು.

ಪ್ರಬಲವೋ ದುರ್ಬಲವೋ, ಹೇಳುವುದು ಪ್ರಮಾಣ

ಮೇಲಿನ ಲೆಕ್ಕದಲ್ಲಿ ಒಂದು ಸೂಕ್ಷ್ಮವಿದೆ, ಇಡೀ ವಿಷಯದಲ್ಲಿ ಅತ್ಯಂತ ಮುಖ್ಯವಾದದ್ದು ಅದೇ ಎಂದು ನನಗೆ ಅನ್ನಿಸುತ್ತದೆ. ಎರಡು ಸಂದರ್ಭಗಳಲ್ಲೂ ಹುಳು ಅದೇ, ವಂಶವಾಹಿ ಅದೇ, ಒಡಕೂ ಅದೇ. ಆದರೆ ಮೊದಲನೆಯದರಲ್ಲಿ ಮಿಶ್ರ ಹುಳು ಸತ್ತಿತು, ಎರಡನೆಯದರಲ್ಲಿ ಬದುಕಿತು. ಅಂದರೆ ನಿರೋಧಕತೆ ದುರ್ಬಲ ಗುಣವೋ ಪ್ರಬಲ ಗುಣವೋ ಎಂಬುದು ವಂಶವಾಹಿಯಲ್ಲೇ ಶಾಶ್ವತವಾಗಿ ಬರೆದಿಟ್ಟ ಸಂಗತಿಯಲ್ಲ, ಹುಳು ತಿನ್ನುವ ವಿಷದ ಪ್ರಮಾಣವೂ ಅದನ್ನು ತೀರ್ಮಾನಿಸುತ್ತದೆ. ಮಿಶ್ರ ಹುಳುವಿನಲ್ಲಿ ಒಂದೇ ಅಚ್ಚು ಕೆಲಸ ಮಾಡುವುದರಿಂದ ಕೊಕ್ಕೆಗಳು ಕಡಿಮೆ ಇರಬಹುದು. ವಿಷ ಧಾರಾಳವಾಗಿದ್ದರೆ ಇರುವ ಕೊಕ್ಕೆಗಳೇ ಅದನ್ನು ಕೊಲ್ಲಲು ಸಾಕು. ವಿಷ ಕೊಂಚವೇ ಇದ್ದರೆ ಸಾಮಾನ್ಯ ಹುಳು ಸತ್ತು ಮಿಶ್ರ ಹುಳು ತಪ್ಪಿಸಿಕೊಳ್ಳುವ ಒಂದು ಮಟ್ಟ ಇರುತ್ತದೆ. ಆ ನಡುವಿನ ಮಟ್ಟವೇ ಅತ್ಯಂತ ಅಪಾಯಕಾರಿ.

ಸಿಂಪಡಿಸಿದ ಬಿಟಿ ಹೊಲದಲ್ಲಿ ಆ ಮಟ್ಟವನ್ನು ಪ್ರತಿ ಸಲವೂ ಹಾದುಹೋಗುತ್ತದೆ. ಬಿಸಿಲಿನ ಅತಿನೇರಳೆ ಕಿರಣಕ್ಕೆ ಹರಳಿನ ಶಕ್ತಿ ಕೆಲವೇ ದಿನಗಳಲ್ಲಿ ಕುಂದುತ್ತದೆ, ಮಳೆ ಅದನ್ನು ತೊಳೆಯುತ್ತದೆ, ಸಿಂಪಡಣೆಯ ಅನಂತರ ಬಿಚ್ಚಿಕೊಂಡ ಹೊಸ ಎಲೆಯ ಮೇಲೆ ಅದು ಇರುವುದೇ ಇಲ್ಲ. ವಜ್ರಬೆನ್ನಿನ ಹುಳು ಮೇಯುವುದು ಎಲೆಯ ತಳದಲ್ಲಿ, ಕೈಪಂಪಿನ ಹನಿ ಹೆಚ್ಚಾಗಿ ಬೀಳುವುದು ಎಲೆಯ ಮೇಲೆ. ಹುಳು ಬಲಿತಷ್ಟೂ ಅದನ್ನು ಕೊಲ್ಲಲು ಬೇಕಾಗುವ ಮದ್ದೂ ಹೆಚ್ಚು. ಹೀಗಾಗಿ ಒಂದೇ ಹೊಲದಲ್ಲಿ ಒಂದು ಹುಳುವಿಗೆ ತುಂಬು ಪ್ರಮಾಣ, ಇನ್ನೊಂದಕ್ಕೆ ಕಾಲು ಪ್ರಮಾಣ ಸಿಗುತ್ತದೆ. ಮದ್ದು ಮಾಯವಾದ ಮೇಲೆ ಸಾಮಾನ್ಯ ಹುಳುಗಳೂ ಒಂದಿಷ್ಟು ಉಳಿಯುವುದು ಇದರ ಒಳ್ಳೆಯ ಮಗ್ಗುಲು. ಆದರೆ ಹವಾಯಿಯ ಹೊಲಗಳಂತೆ ವರ್ಷವಿಡೀ ಕೋಸು ಬೆಳೆದು, ಮದ್ದು ಕುಂದುವ ಮೊದಲೇ ಮತ್ತೆ ಮತ್ತೆ ಅದನ್ನೇ ಸಿಂಪಡಿಸಿದಾಗ ಆ ಅನುಕೂಲವೂ ಇಲ್ಲವಾಗುತ್ತದೆ.

ಒಡಕಿಗೂ ಬೆಲೆಯಿದೆ

ಕೊಕ್ಕೆಯನ್ನು ಹುಳು ಬಿಟಿಗಾಗಿ ಮಾಡಿಕೊಂಡದ್ದಲ್ಲ, ತನ್ನ ಕೆಲಸಕ್ಕಾಗಿ ಮಾಡಿಕೊಂಡದ್ದು. ಅದಿಲ್ಲದ ಹುಳುವಿಗೆ ಮದ್ದು ಬೀಳದ ಹೊಲದಲ್ಲಿ ಅನೇಕ ವೇಳೆ ತೊಂದರೆಯಾಗುತ್ತದೆ: ಬೆಳವಣಿಗೆ ನಿಧಾನ, ಮೊಟ್ಟೆ ಕಡಿಮೆ, ಚಳಿಗಾಲ ದಾಟುವುದು ಕಷ್ಟ. ಹವಾಯಿಯ ಕೆಲವು ನಿರೋಧಕ ಸಂತತಿಗಳನ್ನು ಮದ್ದಿಲ್ಲದೆ ಹಲವು ತಲೆಮಾರು ಸಾಕಿದಾಗ ನಿರೋಧಕತೆ ಇಳಿದದ್ದು, ಕರುಳು ವಿಷವನ್ನು ಮತ್ತೆ ಹಿಡಿಯತೊಡಗಿದ್ದು 1994ರಲ್ಲೇ ವರದಿಯಾಗಿತ್ತು. ಆದರೆ ಈ ಬೆಲೆ ಎಲ್ಲ ಸಂತತಿಗಳಲ್ಲೂ ಒಂದೇ ಅಲ್ಲ, ಎಷ್ಟೋ ಸಲ ಕಾಣುವುದೂ ಇಲ್ಲ.

ನಿರೋಧಕ ಹುಳುಗಳನ್ನು ಎದುರಿಸಲು ಬೇರೆ ಕೊಕ್ಕೆಯನ್ನು ಹಿಡಿಯುವ ಪ್ರೋಟೀನಿಗೆ ಬದಲಾಯಿಸುವುದೂ ಒಂದು ದಾರಿ. ಕುರ್ಸ್ಟಾಕಿ ಎಂಬ ಬಿಟಿ ಉಪಜಾತಿಗೆ ನಿರೋಧಕವಾದ ವಜ್ರಬೆನ್ನಿನ ಹುಳುಗಳು ಕ್ರೈ 1ಸಿ ಇರುವ ಐಜಾವಾಯ್ ಎಂಬ ಉಪಜಾತಿಗೆ ಸಾಯುತ್ತಿದ್ದವು. ಅದನ್ನೂ ಒಂದೇ ಸಮನೆ ಬಳಸಿದ ಕಡೆ ಕಾಲಕ್ರಮದಲ್ಲಿ ಅದಕ್ಕೂ ನಿರೋಧಕತೆ ಬಂತು.

ಎಲ್ಲ ನಿರೋಧಕತೆಯೂ ದುರ್ಬಲ ಗುಣವಲ್ಲ ಎಂಬುದನ್ನೂ ಹೇಳಬೇಕು. ಚೀನಾದ ಹತ್ತಿಯಲ್ಲಿ ಹಸಿರು ಕಾಯಿಕೊರಕವನ್ನು ಅಭ್ಯಸಿಸಿದವರು ಟೆಟ್ರಾಸ್ಪಾನಿನ್ ಎಂಬ ಪ್ರೋಟೀನಿನ ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರದ ಬದಲಾವಣೆಯಿಂದ ಪ್ರಬಲ ನಿರೋಧಕತೆ ಬರುವುದನ್ನು 2018ರಲ್ಲಿ ತೋರಿಸಿದರು. ಪ್ರಬಲ ಗುಣವಾದ್ದರಿಂದ ಇಲ್ಲಿ ಒಂದು ಕಡೆಯಿಂದ ಬಂದರೂ ಸಾಕು, ನಿರೋಧಕ ಪತಂಗ ಸಾಮಾನ್ಯ ಪತಂಗದೊಡನೆ ಕೂಡಿದರೂ ಮಕ್ಕಳಲ್ಲಿ ಕನಿಷ್ಠ ಅರ್ಧದಷ್ಟು ಬದುಕುತ್ತವೆ. ಆಶ್ರಯ ಬೆಳೆ ಇಂಥ ಕಡೆ ಏರಿಕೆಯನ್ನು ನಿಧಾನಗೊಳಿಸಬಹುದೇ ಹೊರತು ತಡೆಯಲಾರದು.

ಒಂದೇ ಹುಳು, ಎರಡು ದೇಶ

ಗುಲಾಬಿ ಕಾಯಿಕೊರಕ ಹತ್ತಿಯನ್ನು ಬಿಟ್ಟರೆ ಬೇರೆ ಬೆಳೆಗಳನ್ನು ಅಷ್ಟಾಗಿ ತಿನ್ನುವುದಿಲ್ಲ. ಮೊಟ್ಟೆಯೊಡೆದು ಬಂದ ಮರಿ ಕೂದಲೆಳೆಯಷ್ಟು ಸಣ್ಣ ರಂಧ್ರದಿಂದ ಕಾಯಿಯೊಳಗೆ ನುಗ್ಗುತ್ತದೆ, ಆ ರಂಧ್ರ ಮುಚ್ಚಿಹೋಗುತ್ತದೆ, ಹೊರಗಿನಿಂದ ಕಾಯಿ ಹಸನಾಗಿಯೇ ಕಾಣುತ್ತದೆ. ಬಲಿತ ಕಾಯಿಯನ್ನು ಉಗುರಿನಿಂದ ಸೀಳಿದಾಗ ಮಾತ್ರ ಕಂದು ಕಲೆಯಾದ ಅರಳೆಯ ನಡುವೆ ಬೀಜ ಕೊರೆಯುತ್ತಿರುವ ಗುಲಾಬಿ ಬಣ್ಣದ ಹುಳು ಕಾಣುತ್ತದೆ.

ಅಮೆರಿಕದ ಅರಿಜೋನಾದಲ್ಲಿ 1996ರಿಂದ ಬಿಟಿ ಹತ್ತಿ ಬೆಳೆಯಲಾಯಿತು. 1997ರಲ್ಲಿ ಅಲ್ಲಿನ ಹೊಲಗಳ ಹುಳುಗಳಲ್ಲಿ ಒಡಕು ಅಚ್ಚಿನ ಪ್ರಮಾಣ ನೂರಕ್ಕೆ 16 ಎಂಬ ಅಂದಾಜು ಬಂದಾಗ ವಿಜ್ಞಾನಿಗಳು ಬೆಚ್ಚಿದರು. ಆದರೆ 1999ರವರೆಗಿನ ಪರೀಕ್ಷೆಗಳಲ್ಲಿ ಆ ಪ್ರಮಾಣ ಏರಲಿಲ್ಲ. ಅಲ್ಲಿನ ಹುಳುಗಳಲ್ಲಿ ಕ್ಯಾಡ್ಹೆರಿನ್ ಒಡಕುಗಳು ದುರ್ಬಲ ಗುಣಗಳಾಗಿದ್ದವು, ರೈತರು ಆಶ್ರಯ ಬೆಳೆ ಹಾಕುತ್ತಿದ್ದರು. 2006ರಿಂದ ಸಂತಾನಶಕ್ತಿ ಕಳೆದ ಪತಂಗಗಳನ್ನು ಭಾರೀ ಸಂಖ್ಯೆಯಲ್ಲಿ ಬಿಡುವ ಕಾರ್ಯಕ್ರಮವೂ ಸೇರಿ, 2018ರಲ್ಲಿ ಅಮೆರಿಕದ ಹತ್ತಿ ಪ್ರದೇಶಗಳು ಈ ಹುಳುವಿನಿಂದ ಮುಕ್ತವೆಂದು ಅಲ್ಲಿನ ಕೃಷಿ ಇಲಾಖೆ ಘೋಷಿಸಿತು.

ಭಾರತದಲ್ಲಿ ಕ್ರೈ 1ಎಸಿ ಇರುವ ಬಿಟಿ ಹತ್ತಿಗೆ 2002ರಲ್ಲಿ ಅನುಮತಿ ಸಿಕ್ಕಿತು, ಕ್ರೈ 2ಎಬಿಯೂ ಸೇರಿದ ಎರಡನೆಯ ತಲೆಮಾರು 2006ರಲ್ಲಿ ಬಂತು. ಗುಜರಾತಿನಲ್ಲಿ ಗುಲಾಬಿ ಕಾಯಿಕೊರಕ ಕ್ರೈ 1ಎಸಿಗೆ ನಿರೋಧಕವಾಗಿರುವುದು 2010ರ ಹೊತ್ತಿಗೆ ಖಚಿತವಾಯಿತು. ಮುಂದಿನ ಕೆಲವೇ ವರ್ಷಗಳಲ್ಲಿ ಎರಡು ಪ್ರೋಟೀನುಗಳ ಹತ್ತಿಯಲ್ಲೂ ಹುಳು ಬದುಕತೊಡಗಿತು; ಇಂದು ಕರ್ನಾಟಕದ ಹತ್ತಿ ಬೆಳೆಗಾರರು ಹೆಣ್ಣಿನ ವಾಸನೆಯಿಂದ ಗಂಡು ಪತಂಗವನ್ನು ಸೆಳೆಯುವ ಮೋಹಕ ಬಲೆ ಕಟ್ಟಿ ಪತಂಗ ಎಣಿಸಬೇಕಾದ ಸ್ಥಿತಿ ಬಂದದ್ದು ಹೀಗೆ. ಭಾರತದ ನಿರೋಧಕ ಹುಳುಗಳ ಕ್ಯಾಡ್ಹೆರಿನ್ ವಂಶವಾಹಿಯಲ್ಲಿ ಎಂಟು ಬೇರೆಬೇರೆ ಬಗೆಯ ಒಡಕುಗಳಿರುವುದು 2014ರಲ್ಲಿ ಪ್ರಕಟವಾಯಿತು. ಒಂದೇ ಹುಳುವಿನ ಒಂದೇ ಸಂತತಿ ದೇಶವೆಲ್ಲ ಹರಡಿತು ಎಂಬ ಚಿತ್ರಕ್ಕೆ ಇದು ಹೊಂದುವುದಿಲ್ಲ. ಅಚ್ಚು ಹಲವು ಕಡೆ, ಹಲವು ಬಗೆಯಲ್ಲಿ ಒಡೆದಿತ್ತು, ಹೊಲದ ಪರಿಸ್ಥಿತಿ ಆ ಎಲ್ಲ ಒಡಕುಗಳನ್ನೂ ಆರಿಸಿ ಮೇಲೆತ್ತಿತು.

ಆ ಪರಿಸ್ಥಿತಿಯಲ್ಲಿ ಆಶ್ರಯ ಬೆಳೆಯ ಕೊರತೆ ದೊಡ್ಡದು. 450 ಗ್ರಾಂ ಬಿಟಿ ಬೀಜದ ಪೊಟ್ಟಣದೊಡನೆ ಅಂಚಿನಲ್ಲಿ ಬಿತ್ತಲೆಂದು 120 ಗ್ರಾಂ ಬಿಟಿಯಲ್ಲದ ಬೀಜವನ್ನು ಕೊಡಲಾಗುತ್ತಿತ್ತು, ಅದು ಬಹಳ ಕಡೆ ಮಣ್ಣು ಕಾಣಲಿಲ್ಲ. ಎಕರೆ ಎರಡೆಕರೆಯ ಹಿಡುವಳಿಯಲ್ಲಿ ಹುಳುವಿಗೆಂದು ಸಾಲು ಬಿಡುವುದು ಎಷ್ಟು ಕಠಿಣ ಎಂಬುದನ್ನು ಮರೆತು ಇದನ್ನು ರೈತರ ತಪ್ಪೆಂದಷ್ಟೇ ಹೇಳಿದರೆ ನ್ಯಾಯವಾಗದು. ಇದರ ಜೊತೆಗೆ ಹತ್ತಿಯ ಅವಧಿಯನ್ನು ಜನವರಿ ದಾಟಿಸಿ ಎಳೆದಾಗ ಗುಲಾಬಿ ಕಾಯಿಕೊರಕಕ್ಕೆ ಹೆಚ್ಚಿನ ತಲೆಮಾರುಗಳು ಸಿಗುತ್ತವೆ, ಪ್ರತಿಯೊಂದು ತಲೆಮಾರೂ ಇನ್ನೊಂದು ಸುತ್ತಿನ ಆಯ್ಕೆ.

ಇನ್ನೊಂದು ಕಾರಣ ಬೀಜದ ಒಳಗೇ ಇದೆ, ಅಲ್ಲಿ ಹುಳುವಿನ ಆನುವಂಶಿಕತೆಯ ಮೇಲೆ ಗಿಡದ ಆನುವಂಶಿಕತೆಯೂ ಬಂದು ಕೂರುತ್ತದೆ. ಭಾರತದಲ್ಲಿ ಬಿತ್ತುವ ಬಿಟಿ ಹತ್ತಿಯಲ್ಲಿ ಬಹುಪಾಲು ಎರಡು ತಳಿಗಳನ್ನು ಕೂಡಿಸಿ ಪಡೆದ ಸಂಕರ (ಹೈಬ್ರಿಡ್) ಬೀಜ. ಸಂಕರದ ತಂದೆತಾಯಿಗಳಲ್ಲಿ ಬಿಟಿ ವಂಶವಾಹಿ ಸಾಮಾನ್ಯವಾಗಿ ಒಂದು ಕಡೆಯಿಂದ ಮಾತ್ರ ಬಂದಿರುತ್ತದೆ, ಆದ್ದರಿಂದ ಗಿಡದಲ್ಲಿ ಅದರ ಪ್ರತಿ ಒಂದೇ. ಎಲೆ, ಹೂ, ಕಾಯಿಯ ಸಿಪ್ಪೆ ಎಲ್ಲದರಲ್ಲೂ ವಿಷ ಇರುತ್ತದೆ. ಆದರೆ ಕಾಯಿಯೊಳಗಿನ ಬೀಜ ಆ ಗಿಡದ ಮುಂದಿನ ಪೀಳಿಗೆ. ಮಿಶ್ರ ಹುಳುಗಳನ್ನು ಪರಸ್ಪರ ಕೂಡಿಸಿದಾಗ ಬಂದ ನಾಲ್ಕಕ್ಕೆ ಒಂದು ಎಂಬ ಲೆಕ್ಕವೇ ಇಲ್ಲೂ ಅನ್ವಯಿಸುತ್ತದೆ: ಒಂದು ಬಿಟಿ ವಂಶವಾಹಿಯ ಸಂಕರದಲ್ಲಿ ನಾಲ್ಕು ಬೀಜಗಳಿಗೆ ಒಂದರಂತೆ ಅದು ಇರುವುದೇ ಇಲ್ಲ. ಗುಲಾಬಿ ಕಾಯಿಕೊರಕದ ಮುಖ್ಯ ಆಹಾರ ಬೀಜವೇ. ವಿಷವಿಲ್ಲದ ಬೀಜದಲ್ಲಿ ಬಲಿತ ಹುಳು ವಿಷವಿರುವ ಮುಂದಿನ ಬೀಜಕ್ಕೆ ದಾಟುವಾಗ ಅದಕ್ಕೆ ಸಿಗುವುದು ಅರೆಬರೆ ಪ್ರಮಾಣ, ಮಿಶ್ರ ಹುಳುಗಳು ಬದುಕಿಕೊಳ್ಳುವ ಆ ನಡುವಿನ ಮಟ್ಟ. ಅರಿಜೋನಾದಲ್ಲಿ ಬಿತ್ತುತ್ತಿದ್ದುದು ಸಂಕರವಲ್ಲದ ತಳಿಗಳು; ಅವುಗಳಲ್ಲಿ ಬಿಟಿ ವಂಶವಾಹಿಯ ಎರಡೂ ಪ್ರತಿಗಳಿರುವುದರಿಂದ ತನ್ನ ಪರಾಗದಿಂದಲೇ ಕಟ್ಟಿದ ಕಾಯಿಯ ಪ್ರತಿ ಬೀಜದಲ್ಲೂ ಆ ವಿಷ ಇರುತ್ತಿತ್ತು.